ಆಗಿನಿಂದಲೋ, ಆದ್ದರಿಂದಲೋ?

ತಿಪಟೂರಿನಲ್ಲಿ ನಾನು ಕನ್ನಡ ಮೇಷ್ಟರು. ಇಂಗ್ಲಿಷ್ ವ್ಯಾಕರಣ ನನ್ನ ಹೊಲದ್ದಲ್ಲ. ಆದರೂ ಅದರ ‘ಸಿನ್ಸ್’ ಎಂಬ ಪುಟ್ಟ ಪದವೊಂದು ಒಮ್ಮೆ ನನ್ನ ಮೇಜಿಗೇ ಬಂದಿತು. ತುರುವೇಕೆರೆ ಕಡೆಯ ಹುಡುಗನೊಬ್ಬ ರಜೆಯ ಅರ್ಜಿ ತಂದಿದ್ದ: ‘ಸಿನ್ಸ್ ಮೈ ಫಾದರ್ ಡೈಡ್, ಐ ಹ್ಯಾವ್ ನಾಟ್ ಅಟೆಂಡೆಡ್ ಕ್ಲಾಸಸ್.’

“ಆ ಪದ ಕಾಲವನ್ನೂ ಹೇಳುತ್ತದೆ, ಕಾರಣವನ್ನೂ ಹೇಳುತ್ತದೆ. ಕಾರಣವೇ ಆದರೆ ‘ಬಿಕಾಸ್’ ಎನ್ನು, ಗೊಂದಲವಿರದು” ಎಂದೆ, ಪಾಂಡಿತ್ಯದ ಹುರುಪಿನಲ್ಲಿ. “ಕನ್ನಡದಲ್ಲಿ ಬರೆ ನೋಡೋಣ: ತೀರಿಕೊಂಡಾಗಿನಿಂದಲೋ, ತೀರಿಕೊಂಡದ್ದರಿಂದಲೋ?”

ಹುಡುಗ ಬಹಳ ಹೊತ್ತು ತಲೆ ತಗ್ಗಿಸಿ ನಿಂತ. ಆಮೇಲೆ ಬರೆದ: ‘ಅಪ್ಪ ತೀರಿಕೊಂಡ ಮೇಲೆ ತರಗತಿಗೆ ಬಂದಿಲ್ಲ.’

ನನ್ನ ಕೆಂಪು ಲೇಖನಿ ಅಲ್ಲೇ ನಿಂತಿತು. ನಮ್ಮ ‘ಮೇಲೆ’ಯೂ ಹಾಗೆಯೇ ಅಲ್ಲವೆ? ‘ಊಟವಾದ ಮೇಲೆ ಬಾ’ ಎಂದರೆ ಕಾಲ; ‘ನೀವೇ ಹೇಳಿದ ಮೇಲೆ ಮುಗಿಯಿತು’ ಎಂದರೆ ಕಾರಣ.

ನಮ್ಮ ಸೀಮೆಯ ಕೊಬ್ಬರಿಯದೂ ಇದೇ ಕಥೆ. ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ 8ರಿಂದ 12 ತಿಂಗಳು ಬಿಡುತ್ತಾರೆ. ನೀರು ಇಂಗಿ, ಅಲುಗಿಸಿದರೆ ಒಳಗೆ ಗಡಗಡ ಎನ್ನುತ್ತದೆ. ಕಾಯಿ ಕೊಬ್ಬರಿಯಾದದ್ದು ತಿಂಗಳು ಕಳೆದಾಗಲೋ, ಕಳೆದದ್ದರಿಂದಲೋ? ಕೇಳಿದರೆ ರೈತ ನಕ್ಕಾನು.

ಅಪ್ಪ ಅಟ್ಟಕ್ಕೆ ಹಾಕಿದ ಕಾಯನ್ನು ಇನ್ನು ಆ ಹುಡುಗನೇ ಇಳಿಸಬೇಕಾಗಿತ್ತು. ಏನನ್ನೂ ತಿದ್ದದೆ ಸಹಿ ಹಾಕಿದೆ.