ಗೋರ್ಟಾದಲ್ಲಿ ನೋವಿನ ಮಾತು

ಹುಮನಾಬಾದಿನಿಂದ ಸೋಲಾಪುರದ ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಹೊರಟ ಪ್ರಯಾಣಿಕನು ಸಸ್ತಾಪುರ ಬಂಗ್ಲಾದ ಬಳಿ ಬಲಕ್ಕೆ ತಿರುಗಿದರೆ ಬಸವಕಲ್ಯಾಣ ಸಿಕ್ಕುತ್ತದೆ. ಚಾಲುಕ್ಯರು ಆಳಿದ, 12ನೆಯ ಶತಮಾನದಲ್ಲಿ ಶರಣರು ನಡೆದಾಡಿದ ನೆಲವಿದು. ಅದೇ ಸೀಮೆಯ ಹಳ್ಳಿ ಗೋರ್ಟಾ (ಬಿ). ಊರ ಹೆಸರಿನ ಬಾಲದಲ್ಲಿರುವ ‘ಬಿ’ ಎಂದರೆ ಬುಜುರ್ಗ್, ಅಂದರೆ ಹಿರಿಯದು. ನಿಜಾಮರ ಕಾಲದ ದಫ್ತರು ಬಿಟ್ಟುಹೋದ ಗುರುತು.

1948ರ ಮೇ ತಿಂಗಳಿನಲ್ಲಿ ರಜಾಕಾರರು ಈ ಊರಿಗೆ ನುಗ್ಗಿದರು. ಇನ್ನೂರಕ್ಕೂ ಹೆಚ್ಚು ಜನ ಮಡಿದರೆಂದು ಊರು ಇಂದಿಗೂ ಹೇಳುತ್ತದೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದಲ್ಲಿ ಸೇರಿತು. ಹುತಾತ್ಮರ ಸ್ಮಾರಕ ಉದ್ಘಾಟನೆಯಾದದ್ದು ಮಾತ್ರ 2023ರ ಮಾರ್ಚ್ 26ರಂದು. ಅಂದು 103 ಅಡಿ ಎತ್ತರದಲ್ಲಿ ತ್ರಿವರ್ಣಧ್ವಜ ಹಾರಿತು. ಪೆಟ್ಟಿಗೂ ಅದರ ನೆನಪಿನ ಕಲ್ಲಿಗೂ ನಡುವೆ ಮುಕ್ಕಾಲು ಶತಮಾನದ ಅಂತರ.

ಸುತ್ತಮುತ್ತ ತೊಗರಿ, ಜೋಳ, ಸೋಯಾ ಬೆಳೆಯುವ ನೆಲ. ದಿನವಿಡೀ ಬಗ್ಗಿ ಕಳೆ ಕೀಳುವ ಹೆಂಗಸರಿಗೆ ಟೊಂಕನೋವು, ಮೊಳಕಾಲುನೋವು ತಪ್ಪಿದ್ದಲ್ಲ. ಆದರೆ ಇನ್ನೊಂದು ಬಗೆಯ ನೋವುಂಟು. ಗಾಯ ಮಾಯ್ದರೂ ಅದು ಮಾಯುವುದಿಲ್ಲ. ಸರ್ಪಸುತ್ತು ವಾಸಿಯಾಗಿ ತಿಂಗಳುಗಳಾದರೂ ಚರ್ಮ ಉರಿಯುತ್ತದೆ. ಕತ್ತರಿಸಿ ತೆಗೆದ ಕಾಲಿನ ಇಲ್ಲದ ಹೆಬ್ಬೆರಳು ಸಿಡಿಯುತ್ತದೆ. ಇದನ್ನು ಮನೆಯವರು ನಂಬುವುದೇ ಕಷ್ಟ. ಕೆಟ್ಟಿರುವುದು ನರಮಂಡಲವೆಂಬುದು ಹೊರಗಣ್ಣಿಗೆ ಕಾಣದು.

ಮಿದುಳಿಗೆ ತನ್ನದೇ ಲಯಗಳುಂಟೆಂದು ಜರ್ಮನಿಯ ಹಾನ್ಸ್ ಬರ್ಗರ್ 1929ರಲ್ಲಿ ಜಗತ್ತಿಗೆ ತಿಳಿಸಿದನು. ಕಣ್ಣು ಮುಚ್ಚಿ ಸುಮ್ಮನಿದ್ದಾಗ ಸೆಕೆಂಡಿಗೆ 8ರಿಂದ 13 ಬಾರಿ ಏರಿಳಿಯುವ ಅಲೆಗೆ ಆಲ್ಫಾ ಎಂದು ಹೆಸರು. ಬಿ. ಕೆ. ಆನಂದ್, ಛೀನಾ ಮತ್ತು ಬಲದೇವ ಸಿಂಗ್ 1961ರಲ್ಲಿ ಪ್ರಕಟಿಸಿದ ಭಾರತೀಯ ಅಧ್ಯಯನವೊಂದು ಇಂದಿಗೂ ಬೆರಗು ಹುಟ್ಟಿಸುತ್ತದೆ. ಇಬ್ಬರು ಯೋಗಿಗಳು 4 ಡಿಗ್ರಿ ಸೆಲ್ಸಿಯಸ್ ತಣ್ಣೀರಿನಲ್ಲಿ 45ರಿಂದ 55 ನಿಮಿಷ ಕೈಯಿಟ್ಟರು. ಆಲ್ಫಾ ಅಲೆ ಕದಡಲಿಲ್ಲ. ಸಾಮಾನ್ಯರಿಗೆ ಅಂಥ ನೀರು ಒಂದೆರಡು ನಿಮಿಷಕ್ಕೇ ಸಾಕಾಗುತ್ತದೆ! ಈ ಅಲೆ ನಿಧಾನವಾಗಿರುವವರಿಗೆ ನೋವು ಹೆಚ್ಚೆಂದು ಈಚಿನ ಕೆಲವು ಸಂಶೋಧಕರು ಹೇಳುತ್ತಾರೆ. ಆ ವಾದ ಇನ್ನೂ ತೀರ್ಮಾನವಾಗಿಲ್ಲ.

ಹಾಗಾದರೆ ತಲೆಬುರುಡೆ ತೆರೆಯದೆ ಮಿದುಳನ್ನು ಮುಟ್ಟಬಹುದೇ? 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಆಂಥೊನಿ ಬಾರ್ಕರ್ ಮತ್ತು ಸಂಗಡಿಗರು ತಂತಿಯ ಸುರುಳಿಯೊಂದನ್ನು ನೆತ್ತಿಯ ಬಳಿ ಹಿಡಿದು, ಕ್ಷಣಮಾತ್ರ ಭಾರಿ ವಿದ್ಯುತ್ತು ಹರಿಸಿದರು. ಹುಟ್ಟಿದ ಅಯಸ್ಕಾಂತ ಶಕ್ತಿ ಎಲುಬನ್ನು ದಾಟಿ ಒಳಗಿನ ನರಕೋಶಗಳನ್ನು ಎಚ್ಚರಿಸಿತು. ಎದುರುಬದಿಯ ಕೈ ತಾನಾಗಿ ಅದುರಿತು. ಚಲನೆಯನ್ನಾಳುವ ಈ ಭಾಗಕ್ಕೆ ಸೆಕೆಂಡಿಗೆ 10ರಂತೆ ಮಿಡಿತ ಕೊಟ್ಟರೆ ನರದ ನೋವು ತಗ್ಗುವುದೆಂದು ಐರೋಪ್ಯ ತಜ್ಞರು 2014ರಲ್ಲಿಯೂ 2020ರಲ್ಲಿಯೂ ಒಪ್ಪಿದರು. ಎಲ್ಲರಿಗೂ ಅಲ್ಲ, ಶಾಶ್ವತವಾಗಿಯೂ ಅಲ್ಲ. ಟಕಟಕ ಸದ್ದಿಗೆ ಕಿವಿಗೆ ಬಿರಡೆ ಬೇಕು. ಕೆಲವರಿಗೆ ತಲೆನೋವು ಬರುತ್ತದೆ, ಅಪರೂಪಕ್ಕೆ ಸೆಳವು. ತಲೆಯೊಳಗೆ ಲೋಹದ ಸಾಧನವಿರುವವರಿಗೆ ಇದು ಸಲ್ಲದು. ಒದ್ದೆ ಸ್ಪಂಜಿನ ಮೂಲಕ 1-2 ಮಿಲಿಆಂಪಿಯರ್ ಮಂದ ವಿದ್ಯುತ್ತು ಹರಿಸುವ ಅಗ್ಗದ ವಿಧಾನವೂ ಉಂಟು. ಅದರ ಪುರಾವೆ ಇನ್ನೂ ತೆಳು.

ಕರ್ನಾಟಕದಲ್ಲಿ ಈ ವಿದ್ಯೆಗೆ ಹೆಸರಾದುದು ಬೆಂಗಳೂರಿನ ನಿಮ್ಹಾನ್ಸ್; ಅಲ್ಲಿ ಇದರ ಬಳಕೆ ಹೆಚ್ಚಾಗಿ ಮನೋರೋಗಗಳಿಗೆ. ಬೀದರಿನಿಂದ ಬೆಂಗಳೂರಿಗೆ ಒಂದು ರಾತ್ರಿಯ ರೈಲು ಪ್ರಯಾಣ. ಒಮ್ಮೆ ಕುಳಿತೆದ್ದರೆ ಮುಗಿಯುವ ಚಿಕಿತ್ಸೆಯೂ ಇದಲ್ಲ, ದಿನದಿನವೂ, ವಾರಗಟ್ಟಲೆ. ಗೋರ್ಟಾದ ಕೂಲಿಗಾರ್ತಿಗೆ ಯಂತ್ರದ ಶುಲ್ಕಕ್ಕಿಂತ ತಪ್ಪಿದ ಕೂಲಿ, ಛತ್ರದ ಬಾಡಿಗೆ, ಜೊತೆಗೆ ಬಂದವರ ಊಟ ಇವೇ ಭಾರವಾದಾವು.

ಆದುದರಿಂದ ಮೊದಲು ಕೇಳಬೇಕಾದದ್ದು, ನೋವು ಯಾವ ಬಗೆಯದು ಎಂಬುದನ್ನು. ಬಗ್ಗಿದಾಗ ಹಿಡಿದು, ಮಲಗಿದರೆ ಇಳಿಯುವ ಟೊಂಕನೋವಿಗೆ ಸುರುಳಿಯ ಯಂತ್ರವನ್ನು ಅರಸಿ ಹೋಗಬೇಕಾಗಿಲ್ಲ. ಉರಿ, ಜೋಮು, ಶಾಕ್ ಹೊಡೆದಂಥ ಸಿಡಿತ, ಸೀರೆಯ ಸೆರಗು ತಾಕಿದರೂ ತಾಳಲಾರದ ನವೆ ಇದ್ದರೆ ಅದು ನರದ್ದೆಂದು ವೈದ್ಯರು ಶಂಕಿಸುತ್ತಾರೆ. ಅದನ್ನು ಪರೀಕ್ಷಿಸಲು ಬೇಕಾದದ್ದು ಹತ್ತಿಯ ಎಳೆ, ಒಂದು ಸೂಜಿ, ರೋಗಿಯ ಮಾತನ್ನು ಪೂರ್ತಿ ಕೇಳುವಷ್ಟು ಸಮಯ. ಅಷ್ಟು ಬಸವಕಲ್ಯಾಣದಲ್ಲಿಯೇ ಆಗಬಹುದು.