ಗಾಳಿಯ ಸೀಮೆಗೆ ಹೊರಡುವ ಮುನ್ನ

ವಾಚಕ ಮಹಾಶಯರು ಲಡಾಖಿನ ಭೂಪಟವನ್ನು ಬಿಡಿಸಿ ನೋಡಿದರೆ, ಲೇಹ್ ಪಟ್ಟಣಕ್ಕೆ ಆಗ್ನೇಯವಾಗಿ ರೂಪ್ಶು ಎಂಬ ಪ್ರಸ್ಥಭೂಮಿಯು ಕಣ್ಣಿಗೆ ಬೀಳುವುದು. ಅಲ್ಲಿ ವೃಕ್ಷಗಳಿಲ್ಲ, ಊರುಗಳೂ ಅತ್ಯಲ್ಪ. ಚಾಂಗ್‌ಪಾ ಎಂಬ ಪಶುಪಾಲಕರು ಪಶ್ಮೀನಾ ಉಣ್ಣೆಯ ಆಡುಗಳನ್ನೂ ಚಮರೀಮೃಗಗಳನ್ನೂ ಮೇಯಿಸುತ್ತ, ಗುಡಾರಗಳನ್ನು ಕಿತ್ತು ನೆಟ್ಟು ಸಂಚರಿಸುತ್ತಿರುವರು. ಮಿಕ್ಕ ರಾಜ್ಯವೆಲ್ಲ ಗಾಳಿಯದು.

ಬರುವ ಆಗಸ್ಟಿನಲ್ಲಿ ಈ ಸೀಮೆಯಲ್ಲಿ ಕಾಲ್ನಡೆಯಾಗಿ ಸಂಚರಿಸಬೇಕೆಂದು ನಾನೂ ನನ್ನ ಗೃಹಿಣಿಯೂ ಮಗನೂ ನಿಶ್ಚಯಿಸಿರುವೆವು. ಹಿಮಾಲಯವು ಅಡ್ಡವಾಗಿರುವುದರಿಂದ ನಮ್ಮ ಮುಂಗಾರು ಅಲ್ಲಿಗೆ ಬಲು ಕಡಿಮೆಯಾಗಿ ಮುಟ್ಟುತ್ತದೆ. ಆದುದರಿಂದಲೇ ಆ ತಿಂಗಳು. ಅರವತ್ತರಲ್ಲಿ ಇದೇನು ಹುಚ್ಚೆಂದು ನಗುವ ನೆಂಟರಿಗೆ ಉತ್ತರ ಹೇಳುವುದನ್ನು ಬಿಟ್ಟಿದ್ದೇನೆ.

ಮಗನಿಗೆ ದೊರೆತ ರಜೆ 12 ದಿನ. ಅವನು ಬರೆದು ತಂದ ಪಟ್ಟಿಯಂತೆ ಮೊದಲ ದಿನ ವಿಮಾನದಲ್ಲಿ ಲೇಹ್, ಮರುದಿನವೇ ರುಮ್ತ್ಸೆ ಗ್ರಾಮ; ಅಲ್ಲಿಂದ ಎಂಟು ದಿನ ನಡೆದು, ತ್ಸೋ ಕರ್ ಎಂಬ ಉಪ್ಪಿನ ಸರೋವರವನ್ನು ಹಾಯ್ದು, ತ್ಸೋ ಮೊರಿರಿ ಸರೋವರದ ದಡದ ಕೊರ್ಝೋಕ್ ಗ್ರಾಮ. ಪಟ್ಟಿಯಲ್ಲಿ ಬಿಡುವಿನ ದಿನವೆಂಬುದು ಒಂದೂ ಇರಲಿಲ್ಲ.

ಹಳೆಯ ಅಭ್ಯಾಸದಂತೆ ನಾನು ಪೆನ್ಸಿಲನ್ನು ಕೈಗೆ ತೆಗೆದುಕೊಂಡೆನು. ಲೇಹ್ ಪಟ್ಟಣದ ಎತ್ತರವೇ ಸುಮಾರು 3,500 ಮೀಟರು. ಅಲ್ಲಿ ವಾಯುವಿನ ಒತ್ತಡವು ಸಮುದ್ರಮಟ್ಟದಲ್ಲಿರುವುದರ ಮೂರರಲ್ಲಿ ಎರಡು ಪಾಲು ಮಾತ್ರ. ಈ ಕೊರತೆಗೆ ದೇಹವು ಒಗ್ಗಲು ದಿನಗಳು ಬೇಕು. ತಾರುಣ್ಯವಾಗಲಿ ವ್ಯಾಯಾಮವಾಗಲಿ ಇದಕ್ಕೆ ರಿಯಾಯಿತಿ ಕೊಡಿಸಲಾರವು. ನಾವು ಪ್ರತಿದಿನವೂ ಏರುತ್ತಿರುವ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳು ಕಾಲನ್ನು ಬಲಪಡಿಸಿಯಾವು, ಅಷ್ಟೇ. 3,000 ಮೀಟರಿನ ಮೇಲೆ, ಮಲಗುವ ಎಡೆಯನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಾಗಿ ಏರಿಸಬಾರದೆಂಬುದು ವೈದ್ಯರ ನಿಯಮ. ಮೇಘದೂತದ ಯಕ್ಷನು ಮೇಘಕ್ಕೂ ನಡುನಡುವೆ ವಿಶ್ರಾಂತಿಯನ್ನು ವಿಧಿಸಿರುವಾಗ, ನಮ್ಮಂಥವರ ಪಾಡೇನು!

“ಅಪ್ಪಾ, ಅಷ್ಟು ದೂರ ಹೋಗಿ ತ್ಸೋ ಮೊರಿರಿಯನ್ನು ನೋಡದೆ ಬರುವುದೇ?” ಎಂದು ಮಗನು ಮುಖ ಸಣ್ಣದು ಮಾಡಿದನು. ಎರಡು ದಿನ ಮನೆಯಲ್ಲಿ ಮಾತು ಕಡಿಮೆಯಾಯಿತು. ಕಡೆಗೆ ಲೇಹ್‌ನಲ್ಲಿ ನಾಲ್ಕು ರಾತ್ರಿ, ರುಮ್ತ್ಸೆಯಲ್ಲಿ ಎರಡು ರಾತ್ರಿ, ಮೂರು ದಿನದ ನಡಿಗೆಯಿಂದ ತ್ಸೋ ಕರ್, ಅಲ್ಲಿಂದ ಮೋಟಾರಿನಲ್ಲಿ ಹಿಂದಕ್ಕೆ ಎಂದು ತೀರ್ಮಾನವಾಯಿತು.

ರುಮ್ತ್ಸೆಯಲ್ಲಿ ಒಂದು ದಿನ ಹೆಚ್ಚಾಗಿ ತಂಗುವುದಕ್ಕೆ ವಿಶೇಷ ಕಾರಣವುಂಟು. ಆ ಗ್ರಾಮವು ಮನಾಲಿ–ಲೇಹ್ ಹೆದ್ದಾರಿಯ ಮೇಲಿದೆ; ಅಲ್ಲಿ ಅಸ್ವಸ್ಥನಾದವನು ಮೋಟಾರು ಹತ್ತಿ ಇಳಿಯಬಹುದು. ಅಲ್ಲಿಂದಾಚೆಗೆ 5,000 ಮೀಟರನ್ನು ಮೀರಿದ ಕಣಿವೆದಾರಿಗಳು ಒಂದರ ಹಿಂದೊಂದು ಬರುತ್ತವೆ. ಎರಡರ ನಡುವೆ ಸಿಕ್ಕವನು ಇಳಿಯಬೇಕಾದರೂ ಮೊದಲು ಏರಬೇಕು! ಹೋಗುವುದೋ ಬಿಡುವುದೋ ಎಂಬುದು ಅಲ್ಲಿಯೇ ನಿರ್ಣಯವಾಗಬೇಕು. ನನ್ನ ಗೃಹಿಣಿಯು ಇನ್ನೂ ಒಂದು ಕಟ್ಟಳೆಯನ್ನು ಸೇರಿಸಿದಳು: “ಯಾರೊಬ್ಬರಿಗೆ ತಲೆನೋವಿನೊಂದಿಗೆ ವಾಂತಿಯಾಗಲಿ ತೂರಾಟವಾಗಲಿ ಕಂಡರೂ ಮೂವರೂ ಹಿಂದಿರುಗತಕ್ಕದ್ದು. ನೀವು ಮುಂದೆ ಹೋಗಿ, ನಾನು ಇಲ್ಲಿರುತ್ತೇನೆ ಎಂಬ ಮಾತು ಕೂಡದು.” ಇದನ್ನು ಬರೆದು ಮೂವರೂ ರುಜು ಹಾಕಿದ್ದೇವೆ.

ಗಾಳಿಯು ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ, ನೆಲವು ಕಾದ ಬಳಿಕ, ಪ್ರಬಲವಾಗುತ್ತದೆ. ಹಿಮ ಕರಗಿ ತೊರೆಗಳು ಉಬ್ಬುವುದೂ ಆ ಹೊತ್ತಿಗೇ. ಆದುದರಿಂದ ಉದಯಕ್ಕೆ ಹೊರಟು, ಹೊತ್ತು ಇಳಿಯುವ ಮುನ್ನ ಗುಡಾರವನ್ನು ಹೂಡಿ, ಅದರ ಬಾಗಿಲನ್ನು ಗಾಳಿಗೆ ವಿಮುಖವಾಗಿರಿಸಿ, ಹಗ್ಗಗಳ ಮೇಲೆ ಕಲ್ಲು ಹೇರಬೇಕು.

ಅಡುಗೆಯ ವಿಚಾರವು ನನ್ನ ಗೃಹಿಣಿಯ ಅಧಿಕಾರಕ್ಕೆ ಸೇರಿದುದು. 4,500 ಮೀಟರಿನಲ್ಲಿ ನೀರು ಸುಮಾರು 85 ಡಿಗ್ರಿಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ಬೇಳೆ ಬೇಯಲೊಲ್ಲದು. ಆದುದರಿಂದ ಪುಟ್ಟ ಕುಕ್ಕರೊಂದು ಕುದುರೆಯ ಬೆನ್ನೇರಲಿದೆ; ಅದರೊಡನೆ ಅವಲಕ್ಕಿ, ಚಟ್ನಿಪುಡಿ, ಹುರಿಹಿಟ್ಟು. ಅಲ್ಲಿಯ ಜನರ ಆಹಾರವಾದ ತ್ಸಂಪಾ ಎಂಬುದೂ ಹುರಿದ ಯವೆಯ ಹಿಟ್ಟೇ ಎಂದು ತಿಳಿದಾಗ, “ಹಾಗಾದರೆ ನೆಂಟರ ಮನೆಯೇ ಆಯಿತು” ಎಂದಳು.

ಪಟ್ಟಿಯಲ್ಲಿ ಹತ್ತನೆಯ ದಿನವನ್ನು ಬರಿದಾಗಿ ಬಿಟ್ಟಿದ್ದೆನು. ಬಿರುಗಾಳಿಗೋ ಜ್ವರಕ್ಕೋ ಇರಲೆಂದು. ನಿನ್ನೆ ನೋಡಿದರೆ ಮಗನು ಆ ಜಾಗದಲ್ಲಿ ಸಣ್ಣಕ್ಷರದಿಂದ ‘ತ್ಸೋ ಮೊರಿರಿ, ಮೋಟಾರಿನಲ್ಲಿ’ ಎಂದು ಬರೆದಿದ್ದನು. ಅಳಿಸಿದ್ದೇನೆ.