ಮನುಷ್ಯನನ್ನು ನೋಡಿ ಕೊಟ್ಟ ಹಣ

ಹಣವುಳ್ಳವನೆಂದರೆ ಬಡ್ಡಿ ಎಣಿಸುವವನು ಎಂಬ ಭಾವನೆಯಲ್ಲಿಯೇ ನಾನು ಬೆಳೆದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಆದರೆ ಸಾಲದ ಶಾಸ್ತ್ರದಲ್ಲಿ ನಮ್ಮವರು ಮೂರು ತಲೆಮಾರಿನಿಂದಲೂ ಪಂಡಿತರೇ. ಹೀಗಿರುವಾಗ ಅರ್ಥಶಾಸ್ತ್ರದ ಓದಿನಲ್ಲಿ ಜಾರ್ಜ್ ಡೋರಿಯೊ ಎಂಬಾತನ ವೃತ್ತಾಂತ ಎದುರಾದಾಗ, ಇಂಥ ಹಣವಂತನೂ ಇರಬಹುದೇ ಎಂದು ಬೆರಗಾಯಿತು.

ಈತ ಹುಟ್ಟಿದ್ದು 1899ರಲ್ಲಿ, ಪ್ಯಾರಿಸ್ಸಿನಲ್ಲಿ. ತಂದೆ ಮೋಟಾರು ಕಾರುಗಳ ಕೆಲಸದಲ್ಲಿ ಪಳಗಿದ ಎಂಜಿನಿಯರು. ಮಗ 1921ರಲ್ಲಿ ಅಮೆರಿಕಕ್ಕೆ ಹೋದ. ಹಾರ್ವರ್ಡಿನ ವಾಣಿಜ್ಯ ಶಾಲೆಗೆ ಸೇರಿ, ಪದವಿ ಪಡೆಯದೆಯೇ ಹೊರಬಿದ್ದು, ಕೆಲವು ವರ್ಷಗಳಲ್ಲಿ ಅದೇ ಶಾಲೆಗೆ ಅಧ್ಯಾಪಕನಾಗಿ ಮರಳಿದ. (ಪದವಿಗಾಗಿ ಹಗಲಿರುಳು ಒದ್ದಾಡುವ ನಮ್ಮಂಥವರ ಮುಂದೆ ಹೇಳತಕ್ಕ ಮಾತಲ್ಲ ಇದು!) 1940ರಲ್ಲಿ ಅಮೆರಿಕದ ಪ್ರಜೆಯಾದ. ಎರಡನೆಯ ಮಹಾಯುದ್ಧದಲ್ಲಿ ಸೈನಿಕರ ಬಟ್ಟೆ, ಬೂಟು, ಆಹಾರಗಳ ಸುಧಾರಣೆಯ ಹೊಣೆ ಹೊತ್ತು ಬ್ರಿಗೇಡಿಯರ್ ಜನರಲ್ ಎನಿಸಿಕೊಂಡ. ನಾಲಿಗೆಯ ಮೇಲಿನ ಫ್ರೆಂಚ್ ಛಾಯೆ ಮಾತ್ರ ಅಳಿಯಲಿಲ್ಲವಂತೆ.

1946ರಲ್ಲಿ ಬಾಸ್ಟನ್ನಿನಲ್ಲಿ ‘ಅಮೆರಿಕನ್ ರಿಸರ್ಚ್ ಅಂಡ್ ಡೆವಲಪ್‌ಮೆಂಟ್’ ಎಂಬ ಸಂಸ್ಥೆ ಹುಟ್ಟಿತು. ಅದರ ಚುಕ್ಕಾಣಿ ಡೋರಿಯೊ ಕೈಗೆ ಬಂತು. ಹೊಸ ಉದ್ಯಮಗಳಿಗೆ ಸಾಲ ಕೊಟ್ಟು ಬಡ್ಡಿ ಎಣಿಸುವುದಕ್ಕಿಂತ ಪಾಲು ಪಡೆದು ಜೊತೆಗೆ ನಿಲ್ಲುವುದೇ ಅದರ ಮುಖ್ಯ ಕೆಲಸ.

ಇದನ್ನು ನಮ್ಮ ಅಜ್ಜಿಗೆ ಹೇಳಿದ್ದರೆ ಆಕೆ ನಕ್ಕುಬಿಡುತ್ತಿದ್ದಳೋ ಏನೋ. ನಮ್ಮ ಕಡೆ ಕುರಿಯನ್ನು ವಾರಕ್ಕೆ ಕೊಡುವುದುಂಟು. ಕುರಿ ಒಬ್ಬರದು, ಮೇಯಿಸುವ ದುಡಿಮೆ ಇನ್ನೊಬ್ಬರದು. ಹುಟ್ಟಿದ ಮರಿಗಳಲ್ಲಿ ಇಬ್ಬರಿಗೂ ಸಮಪಾಲು. ರೋಗ ಬಂದು ಕುರಿ ಸತ್ತರೆ ಸಾಕಿದವರ ತಲೆಗೆ ಸಾಲ ಕಟ್ಟುವಂತಿಲ್ಲ. ಆದುದರಿಂದಲೇ ಕೊಡುವಾತ ಪತ್ರ ಕೇಳುವುದಿಲ್ಲ, ಸಾಕುವವರ ಕೈಗುಣ ನೋಡುತ್ತಾನೆ. ಗಂಡ ಸತ್ತ ವರ್ಷ ಅಜ್ಜಿಗೆ ಹೀಗೆಯೇ ಎರಡು ಕುರಿ ಸಿಕ್ಕಿದುವು. ನಮ್ಮ ತಂದೆ ಬೆಳೆದುದು ಆ ಕುರಿಗಳಿಂದ.

ಡೋರಿಯೊ ನೋಡುತ್ತಿದ್ದುದೂ ಕೈಗುಣವನ್ನೇ. ಉತ್ತಮ ಯೋಜನೆ ಹಿಡಿದು ಬಂದ ಸಾಧಾರಣ ಮನುಷ್ಯನಿಗಿಂತ, ಸಾಧಾರಣ ಯೋಜನೆಯೊಡನೆ ಬಂದ ಉತ್ತಮ ಮನುಷ್ಯನೇ ಮೇಲೆಂಬುದು ಆತನ ನಿಲುವು. ಹಣ ಹೂಡಿದ ಕಂಪನಿಗಳನ್ನು ಮಕ್ಕಳಂತೆ ಕಾಣುತ್ತಿದ್ದ. ಮಗುವಿಗೆ ಜ್ವರ ಬಂದಿತೆಂದು ಮಾರುವವರುಂಟೇ?

1957ರಲ್ಲಿ ಕೆನ್ ಓಲ್ಸನ್, ಹಾರ್ಲನ್ ಆಂಡರ್ಸನ್ ಎಂಬ ಇಬ್ಬರು ತರುಣ ಎಂಜಿನಿಯರುಗಳು ಈ ಸಂಸ್ಥೆಯ ಬಾಗಿಲಿಗೆ ಬಂದರು. ಅವರ ಮನಸ್ಸಿನಲ್ಲಿದ್ದುದು ಕಂಪ್ಯೂಟರು. ಆ ವ್ಯವಹಾರದಲ್ಲಿ ದೊಡ್ಡ ದೊಡ್ಡ ಕಂಪನಿಗಳೇ ನಷ್ಟ ಅನುಭವಿಸುತ್ತಿದ್ದುದರಿಂದ, ನಿರ್ದೇಶಕರ ಎದುರು ಆ ಶಬ್ದವನ್ನೇ ಎತ್ತಬೇಡಿರೆಂದು ಅವರಿಗೆ ಮೊದಲೇ ಕಿವಿಮಾತು ಹೇಳಲಾಗಿತ್ತಂತೆ. 70,000 ಡಾಲರು ದೊರೆಯಿತು. ಮೇನಾರ್ಡ್ ಊರಿನ ಹಳೆಯ ಉಣ್ಣೆ ಗಿರಣಿಯಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿ ಆರಂಭವಾಯಿತು. 1966ರಲ್ಲಿ ಅದರ ಷೇರುಗಳು ಪೇಟೆಗೆ ಬಂದುವು. ಮುಂದಿನ ಕೆಲವೇ ವರ್ಷಗಳಲ್ಲಿ ಆ ಎಪ್ಪತ್ತು ಸಾವಿರದ ಪಾಲು ಹತ್ತಾರು ಕೋಟಿ ಡಾಲರು ಬೆಲೆ ಬಾಳಿತು.

ಹಾಗೆಂದು ಡೋರಿಯೊಗೆ ಕೇವಲ ಹೂಮಾಲೆ ಹಾಕುವುದು ಸಲ್ಲದು. ತಾವು ಬೆಳೆಸಿದ ಕಂಪನಿಗಳ ಲಾಭದಲ್ಲಿ ಆತನ ಸ್ವಂತ ಸಹಾಯಕರಿಗೆ ತಕ್ಕ ಪಾಲು ಸಿಕ್ಕಲಿಲ್ಲ. ಸರ್ಕಾರದ ನಿಯಮಗಳೂ ಅದಕ್ಕೆ ಅಡ್ಡಬಂದುವು. ಬಿಲ್ ಎಲ್ಫರ್ಸ್ ಎಂಬ ನೆಚ್ಚಿನ ಸಹಾಯಕ 1965ರಲ್ಲಿ ಹೊರನಡೆದು ಬೇರೆ ಸಂಸ್ಥೆ ಕಟ್ಟಿದ. 1972ರಲ್ಲಿ ಡೋರಿಯೊನ ಸಂಸ್ಥೆ ಟೆಕ್ಸ್‌ಟ್ರಾನ್ ಎಂಬ ಕಂಪನಿಯಲ್ಲಿ ಸೇರಿಹೋಯಿತು. ಮನುಷ್ಯರನ್ನು ಅಷ್ಟು ಬಲ್ಲವನು ತನ್ನ ಮನುಷ್ಯರನ್ನೇ ಉಳಿಸಿಕೊಳ್ಳಲಾರದೆ ಹೋದ. ಅದೂ ಅಲ್ಲದೆ, ಆತ ಆರಿಸಿದ ಮನುಷ್ಯರು ಬಹುಮಟ್ಟಿಗೆ ಎಂಜಿನಿಯರುಗಳು, ವಿಜ್ಞಾನಿಗಳು. ಯಂತ್ರದ ಮುಂದೆ ನಿಂತು ದುಡಿಯುವವನ ಪಾಲಿನ ಮಾತು ಆ ಲೆಕ್ಕದಲ್ಲಿ ನನಗೆ ಕಾಣಲಿಲ್ಲ.

ಆ ಮಾತು ಈಚೆಗೆ ಎದ್ದಿದೆ. ಅಮೆರಿಕದ ಇಲಿನಾಯ್ ಪ್ರಾಂತದಲ್ಲಿ ಗ್ಯಾರೇಜಿನ ಬಾಗಿಲು ತಯಾರಿಸುವ ಸಿ.ಎಚ್.ಐ. ಎಂಬ ಕಾರ್ಖಾನೆಯನ್ನು ಕೆ.ಕೆ.ಆರ್. ಸಂಸ್ಥೆ 2015ರಲ್ಲಿ ಕೊಂಡು, ಕೆಲಸಗಾರರನ್ನೆಲ್ಲ ಪಾಲುದಾರರನ್ನಾಗಿಸಿತು. 2022ರಲ್ಲಿ ಅದನ್ನು ಮಾರಿದಾಗ ಗಂಟೆಗೂಲಿಯವರಿಗೂ ಲಾರಿ ಚಾಲಕರಿಗೂ ಸರಾಸರಿ 1,75,000 ಡಾಲರು ಬಂತು. ಕೊಟ್ಟವರು ಕಳೆದುಕೊಂಡರೆ? ಅದೇನೂ ಇಲ್ಲ, ಕೆ.ಕೆ.ಆರ್. ಹೂಡಿದ್ದರ ಹಲವು ಪಟ್ಟು ಗಳಿಸಿತು.

ನನ್ನ ಅಣ್ಣ ಹತ್ತನೆಯ ತರಗತಿಗೇ ಓದು ನಿಲ್ಲಿಸಿ ಪಂಪ್‌ಸೆಟ್ ರಿಪೇರಿ ಕಲಿತ. ನನ್ನ ಮೂರು ವರ್ಷದ ಫೀಸು, ಊಟ, ಬಸ್ಸಿನ ಪಾಸು ಎಲ್ಲವೂ ಆತನ ಕೈಯಿಂದ ಬಂದುದು. ನಾನು ಎಂಥವನೆಂದು ನೋಡಿ ಕೊಟ್ಟನೇ ಹೊರತು ಯಾವ ಪತ್ರವನ್ನೂ ಬರೆಸಿಕೊಳ್ಳಲಿಲ್ಲ. ಸ್ವಂತ ಅಂಗಡಿಗೆಂದು ಬ್ಯಾಂಕೊಂದಕ್ಕೆ ಹೋದಾಗ ಮಾತ್ರ ಅವನ ಕೈಗುಣವನ್ನು ಯಾರೂ ಕೇಳಲಿಲ್ಲ. ಜಮೀನಿನ ಪಹಣಿ ಕೇಳಿದರು. ಪಹಣಿ ಇಂದಿಗೂ ಅಜ್ಜನ ಹೆಸರಿನಲ್ಲಿದೆ.

ಹೋದ ದೀಪಾವಳಿಯಲ್ಲಿ ಡೋರಿಯೊ ಕಥೆಯನ್ನೂ ಬಾಗಿಲು ಕಾರ್ಖಾನೆಯ ಕಥೆಯನ್ನೂ ಅಣ್ಣನಿಗೆ ಹೇಳಿದೆ. ಮೋಟಾರಿನ ಸುರುಳಿ ಸುತ್ತುತ್ತಲೇ ಕೇಳಿದ.

“ಅಣ್ಣಾ, ನೀನು ಅಂಗಡಿ ಹಾಕಿದರೆ ಕೆಲಸದ ಹುಡುಗರಿಗೆ ಪಾಲು ಕೊಡುತ್ತೀಯಾ?” ಎಂದೆ.

“ಎಷ್ಟು ಜನ ಹುಡುಗರು?”

“ಇಬ್ಬರು ಅಂತ ಇಟ್ಟುಕೊ.”

ಸ್ವಲ್ಪ ಹೊತ್ತು ಲೆಕ್ಕ ಹಾಕಿದ. “ರೂಪಾಯಿಗೆ ನಾಲ್ಕಾಣೆ ಅವರಿಬ್ಬರಿಗೆ ಬಿಡಬಹುದು ಕಣೋ. ತಂತಿ ಕದಿಯೋದು ನಿಲ್ಲುತ್ತೆ,” ಎಂದ.